ಮಿದುಳಿನ ಚಿತ್ರಣ: ಗ್ರಹಿಕೆ, ಆಟಿಸಂ, ನಿರ್ಧಾರ

ತಲೆಬುರುಡೆ ತೆರೆಯದೆ, ಬದುಕಿರುವ ಮನುಷ್ಯನ ಮಿದುಳಿನ ರಚನೆಯನ್ನೂ ಅದರ ಕೆಲಸವನ್ನೂ ಅಳೆದು ಚಿತ್ರವಾಗಿ ತೋರಿಸುವ ವಿಧಾನಗಳಿಗೆ ಮಿದುಳಿನ ಚಿತ್ರಣ ಎಂದು ಹೆಸರು. ಗಡ್ಡೆ, ರಕ್ತಸ್ರಾವ, ಮೂರ್ಛೆರೋಗಗಳ ಪತ್ತೆಗೆ ಆಸ್ಪತ್ರೆಗಳಲ್ಲಿ ಬಳಕೆಯಾಗುವ ಈ ವಿಧಾನಗಳೇ ಕಳೆದ ಮೂರು ದಶಕಗಳಿಂದ ಮನಸ್ಸಿನ ಅಧ್ಯಯನಕ್ಕೂ ಸಾಧನಗಳಾಗಿವೆ. ಕಣ್ಣಿಗೆ ಬಿದ್ದದ್ದನ್ನು ಮಿದುಳು ಹೇಗೆ ಗುರುತಿಸುತ್ತದೆ, ಕೆಲವು ಮಕ್ಕಳ ಮಿದುಳು ಮೊದಲಿನಿಂದಲೇ ಬೇರೆ ದಾರಿ ಹಿಡಿದು ಬೆಳೆಯುವುದೇಕೆ, ಎರಡರಲ್ಲಿ ಒಂದನ್ನು ಆರಿಸುವಾಗ ಒಳಗೆ ಏನು ನಡೆಯುತ್ತದೆ ಎಂಬ ಮೂರು ಪ್ರಶ್ನೆಗಳು ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

ಕರ್ನಾಟಕದಲ್ಲಿ ಈ ಕೆಲಸ ಬಹುಪಾಲು ಬೆಂಗಳೂರಿನಲ್ಲೇ ನಡೆಯುತ್ತಿದೆ. ಹತ್ತಿರದ ಊರೊಂದನ್ನೇ ತೆಗೆದುಕೊಳ್ಳಿ: ಮಾಗಡಿ ಕಡೆಯ ಸೋಲೂರು ಮಂಗಳೂರು ಹೆದ್ದಾರಿಯ ಮೇಲಿದೆ. ಅಲ್ಲಿ ಬಸ್ ಹತ್ತಿ ನೆಲಮಂಗಲ ದಾಟಿ ಯಶವಂತಪುರಕ್ಕೆ ಬಂದರೆ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ ಹಿಡಿದರೆ ಹೊಸೂರು ರಸ್ತೆಯಲ್ಲಿ ಮನೋರೋಗ, ನರರೋಗಗಳ ಸಂಸ್ಥೆ ನಿಮ್ಹಾನ್ಸ್. ದೂರ ಹೆಚ್ಚೇನಲ್ಲ. ಆದರೂ ಸೋಲೂರಿನಂಥ ಹೋಬಳಿಗಳ ಜನ ಈ ಸಂಶೋಧನೆಯ ಚಿತ್ರಗಳಲ್ಲಿ ಬಹುಕಾಲ ಕಾಣಿಸಿಕೊಳ್ಳಲಿಲ್ಲ. ಹಾಗಾಗಿ ಈ ಕ್ಷೇತ್ರದ ಯಾವ ಫಲಿತಾಂಶವನ್ನು ಓದುವಾಗಲೂ ಯಂತ್ರದೊಳಗೆ ಮಲಗಿದ್ದವರು ಯಾರು ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಯಂತ್ರ ಅಳೆಯುವುದೇನು

ಮಿದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿಂದ ದಾಖಲಿಸುವ ಇ.ಇ.ಜಿ. ಈ ವಿಧಾನಗಳಲ್ಲಿ ಹಳೆಯದು. ಜರ್ಮನಿಯ ಹ್ಯಾನ್ಸ್ ಬರ್ಗರ್ ಮನುಷ್ಯನ ಮೇಲೆ ಅದನ್ನು ಮೊದಲು ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ಸೆಕೆಂಡಿನ ಸಾವಿರದ ಒಂದು ಪಾಲಿನ ಬದಲಾವಣೆಯೂ ಇ.ಇ.ಜಿ.ಗೆ ಸಿಗುತ್ತದೆ, ಆದರೆ ಅದು ಎಲ್ಲಿಂದ ಬಂತೆಂದು ಕರಾರುವಾಕ್ಕಾಗಿ ಹೇಳಲಾಗದು. 1971ರಲ್ಲಿ ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಸ್ಕ್ಯಾನ್ ಮೊದಲ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿತು. 1973ರಲ್ಲಿ ಪಾಲ್ ಲಾಟರ್‌ಬರ್ ಎಂ.ಆರ್.ಐ. ಚಿತ್ರಣದ ದಾರಿ ತೆರೆದರು. ಅದಕ್ಕಾಗಿ ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರ ನೊಬೆಲ್ ಬಂತು.

ಎಂ.ಆರ್.ಐ. ಎಂದರೆ ಭಾರಿ ಕಾಂತ. ಸಂಶೋಧನೆಗೆ ಸಾಮಾನ್ಯವಾಗಿ ಬಳಸುವ 3 ಟೆಸ್ಲಾ ಯಂತ್ರದ ಬಲ ಭೂಮಿಯ ಕಾಂತಬಲದ ಸುಮಾರು 60 ಸಾವಿರ ಪಟ್ಟು. ಮೈಯ ನೀರಿನಲ್ಲಿರುವ ಜಲಜನಕದ ಕಣಗಳು ಈ ಬಲಕ್ಕೆ ಸಾಲುಗೂಡುತ್ತವೆ. ರೇಡಿಯೊ ಅಲೆಯಿಂದ ಅವನ್ನು ತುಸು ಕದಲಿಸಿ ಬಿಟ್ಟಾಗ ಹೊಮ್ಮುವ ಸಂಕೇತದಿಂದ ಚಿತ್ರ ಮೂಡುತ್ತದೆ. ಎಕ್ಸ್‌ರೇ ಕಿರಣ ಇದರಲ್ಲಿಲ್ಲ.

ಕೆಲಸ ಮಾಡುತ್ತಿರುವ ಮಿದುಳನ್ನು ತೋರಿಸುವ ಬಗೆಯನ್ನು 1990ರಲ್ಲಿ ಸೆಯ್ಜಿ ಒಗಾವ ತೋರಿಸಿಕೊಟ್ಟರು. ತೋಟಕ್ಕೆ ನೀರು ಕಟ್ಟಿದವರಿಗೆ ಇದರ ತತ್ವ ಬೇಗ ತಿಳಿಯುತ್ತದೆ. ಮಡಿ ಒಣಗಿದ ಮೇಲೆ ಕಾಲುವೆ ತಿರುಗಿಸುತ್ತೇವೆ. ನೀರು ತಲುಪಲು ಹೊತ್ತು ಹಿಡಿಯುತ್ತದೆ. ತಲುಪಿದಾಗ ಬೇಕಾದದ್ದಕ್ಕಿಂತ ಹೆಚ್ಚೇ ಹರಿದಿರುತ್ತದೆ. ಮಿದುಳಿನ ಒಂದು ಭಾಗ ದುಡಿದಾಗ ಅಲ್ಲಿಗೆ ರಕ್ತ ನುಗ್ಗುವುದೂ ಹೀಗೆಯೇ. ಐದಾರು ಸೆಕೆಂಡು ತಡವಾಗಿ, ಅಗತ್ಯ ಮೀರಿ ಬರುತ್ತದೆ. ಆಮ್ಲಜನಕ ತುಂಬಿದ ರಕ್ತಕ್ಕೂ ಆಮ್ಲಜನಕ ಕಳೆದುಕೊಂಡ ರಕ್ತಕ್ಕೂ ಕಾಂತಗುಣದಲ್ಲಿರುವ ವ್ಯತ್ಯಾಸವನ್ನು ಯಂತ್ರ ಹಿಡಿಯುತ್ತದೆ. ಆ ಏರಿಳಿತ ನೂರಕ್ಕೆ ಒಂದೋ ಎರಡೋ ಪಾಲು. ಚಿತ್ರದ ಒಂದು ಚುಕ್ಕಿಯ ಅಗಲ ಸುಮಾರು 3 ಮಿಲಿಮೀಟರ್, ಅಂದರೆ ಎರಡು ರಾಗಿಕಾಳು ಅಕ್ಕಪಕ್ಕ ಇಟ್ಟಷ್ಟು, ಮತ್ತು ಅಷ್ಟರೊಳಗೇ ಲಕ್ಷಾಂತರ ನರಕೋಶಗಳಿರುತ್ತವೆ. ಪತ್ರಿಕೆಗಳಲ್ಲಿ ಕೆಂಪು ಹಳದಿ ಬಣ್ಣದಲ್ಲಿ 'ಬೆಳಗುವ' ಮಿದುಳು ಯೋಚನೆಯ ಫೋಟೊ ಅಲ್ಲ. ಅದು ನೀರು ಎಲ್ಲಿಗೆ ಹರಿಯಿತು ಎಂಬ ಲೆಕ್ಕ. ಅದೂ ಹತ್ತಾರು ಜನರ ಸರಾಸರಿ.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಮೊದಲು ನಡೆಯುವುದು ಲೋಹ ತೆಗೆಯುವ ಕೆಲಸ. ಓಲೆ, ಮೂಗುಬಟ್ಟು, ಬಳೆ, ಕಾಲುಂಗುರ, ಸೆರಗಿನ ಪಿನ್ನು. ಮಕ್ಕಳಾದರೆ ಉಡಿದಾರವೂ ಅದಕ್ಕೆ ಕಟ್ಟಿದ ತಾಯಿತವೂ ಹೊರಗೆ. ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಇಲ್ಲಿ ತಡೆಯುತ್ತಾರೆ, ಮಾಂಗಲ್ಯ ತೆಗೆಯುವುದು ಹೇಗೆ ಎಂದು. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕಿಕೊಂಡು ಸರವನ್ನು ಬಿಚ್ಚಿ ಮನೆಯವರ ಕೈಗೆ ಕೊಡುವುದು ಇದಕ್ಕೆ ಜನರೇ ಕಂಡುಕೊಂಡ ದಾರಿ. ಚಿನ್ನವನ್ನು ಕಾಂತ ಎಳೆಯುವುದಿಲ್ಲ, ಆದರೆ ಕೊಂಡಿಯಲ್ಲಿ ಬೇರೆ ಲೋಹ ಇದ್ದೀತು, ಚಿತ್ರವೂ ಕೆಡುತ್ತದೆ. ಆಮೇಲೆ ಕಿವಿಗೆ ಬಿರಡೆ, ತಲೆಯ ಸುತ್ತ ಪಂಜರದಂಥ ಕವಚ, ಕಿರಿದಾದ ಕೊಳವೆಯೊಳಗೆ ನೂರು ಡೆಸಿಬೆಲ್ ಮುಟ್ಟುವ ಬಡಿತದ ಸದ್ದು. ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ತಲೆ ಅಲುಗಿಸದೆ ಮಲಗಬೇಕು. ಸದ್ದಿಗೆ ಬೆಚ್ಚುವ, ಒಂದೆಡೆ ನಿಲ್ಲದ, ಹೇಳಿದ್ದು ಅರ್ಥವಾಗದ ಮಗುವಿಗೆ ಇದೆಷ್ಟು ಕಷ್ಟ ಎಂಬುದು ಆಟಿಸಂ ಸಂಶೋಧನೆಯ ಹಣೆಬರಹವನ್ನೇ ಒಂದಷ್ಟು ಕಾಲ ನಿರ್ಧರಿಸಿತು. ಅದರ ಮಾತು ಮುಂದಿದೆ.

ಬೆಂಗಳೂರಿನ ಸಂಸ್ಥೆಗಳು

ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಅದರ ಜೊತೆಯಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಮನೋರೋಗ, ನರರೋಗ, ನರಶಸ್ತ್ರಚಿಕಿತ್ಸೆ ಒಂದೇ ಆವರಣದಲ್ಲಿರುವುದು ಅದರ ಬಲ. 1995ರಲ್ಲಿ ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಅಲ್ಲಿ ಮಿದುಳಿನ ಅಂಗಾಂಶ ಭಂಡಾರ ಕಟ್ಟಿದರು. ಅದಕ್ಕೆ ಹೊಂದಿಕೊಂಡ ಮಿದುಳು ಸಂಗ್ರಹಾಲಯದಲ್ಲಿ ಜನಸಾಮಾನ್ಯರೂ ನಿಜವಾದ ಮನುಷ್ಯ ಮಿದುಳನ್ನು ನೋಡಬಹುದು. ಪರದೆಯ ಮೇಲಿನ ಬಣ್ಣದ ಚಿತ್ರ ನೋಡುವ ಮೊದಲು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಇಲ್ಲಿಗೆ ಬರಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರ 2009ರಲ್ಲಿ ಆರಂಭವಾಯಿತು. ಅದೇ ಆವರಣದಲ್ಲಿ ಮುಪ್ಪಿನ ಮಿದುಳನ್ನು ಅಭ್ಯಸಿಸುವ ಮಿದುಳು ಸಂಶೋಧನಾ ಕೇಂದ್ರಕ್ಕೆ ಇನ್ಫೋಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ 225 ಕೋಟಿ ರೂಪಾಯಿ ನೀಡಿತು. ಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್ ಮೈಸೂರಿನಲ್ಲಿ ಪಿಎಚ್.ಡಿ. ಮಾಡಿ ನಿಮ್ಹಾನ್ಸ್‌ನಲ್ಲಿ ದುಡಿದವರು. ಹರಿಯಾಣದ ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಕಟ್ಟಿದವರೂ ಅವರೇ.

ಗ್ರಹಿಕೆ

1997ರಲ್ಲಿ ಅಮೆರಿಕದ ನ್ಯಾನ್ಸಿ ಕ್ಯಾನ್ವಿಶರ್ ತಂಡ ಮಿದುಳಿನ ಅಡಿಭಾಗದಲ್ಲಿ ಮುಖಗಳಿಗೆ ವಿಶೇಷವಾಗಿ ಸ್ಪಂದಿಸುವ ಒಂದು ತಾಣವನ್ನು ಗುರುತಿಸಿತು. ಕನ್ನಡ ಓದುಗರಿಗೆ ಹೆಚ್ಚು ಹತ್ತಿರವಾದ ಪ್ರಶ್ನೆ ಅಕ್ಷರದ್ದು. ಅಕ್ಷರಗಳು ಮನುಷ್ಯನ ಚರಿತ್ರೆಯಲ್ಲಿ ನಿನ್ನೆಮೊನ್ನೆಯವು. ಅವನ್ನು ಓದಲೆಂದೇ ಮಿದುಳಿನಲ್ಲಿ ಜಾಗ ಹುಟ್ಟಿಕೊಂಡಿರಲು ಸಾಧ್ಯವಿಲ್ಲ. ಹಾಗಾದರೆ ಓದು ಕಲಿತಾಗ ಏನು ಬದಲಾಗುತ್ತದೆ?

ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ಅರುಣ್, ಕೆ.ವಿ.ಎಸ್. ಹರಿ ಮತ್ತು ಆಕಾಶ್ ಅಗ್ರವಾಲ್ 2019ರಲ್ಲಿ ಇದಕ್ಕೆ ಸೊಗಸಾದ ಉತ್ತರ ಕಂಡರು. ಅವರು ಆರಿಸಿಕೊಂಡದ್ದು ತೆಲುಗು ಓದಬಲ್ಲವರನ್ನು ಮತ್ತು ಮಲಯಾಳಂ ಓದಬಲ್ಲವರನ್ನು. ಒಬ್ಬರಿಗೆ ಬರುವ ಲಿಪಿ ಇನ್ನೊಬ್ಬರಿಗೆ ಬರಿಯ ಗೆರೆಗಳು. ಆದ್ದರಿಂದ ಅದೇ ಚಿತ್ರವನ್ನು ಇಬ್ಬರಿಗೂ ತೋರಿಸಿ ಓದಿನ ಪರಿಣಾಮವನ್ನಷ್ಟೇ ಬೇರ್ಪಡಿಸಬಹುದು. ಕನ್ನಡ ಮತ್ತು ತೆಲುಗು ಲಿಪಿಗಳು ಅಕ್ಕತಂಗಿಯರಾದ್ದರಿಂದ ತೆಲುಗಿಗೆ ಜೋಡಿಯಾಗಿ ಕನ್ನಡಿಗರು ಸುಲಭವಾಗಿ ಒದಗುವುದಿಲ್ಲ. ಆಯಾ ಲಿಪಿ ಬಲ್ಲವರಲ್ಲಿ ಒಂಟಿ ಅಕ್ಷರಗಳ ವ್ಯತ್ಯಾಸ ಹೆಚ್ಚು ಸ್ಪಷ್ಟವಾಗಿ ಕಂಡಿತು. ಎರಡು ಅಕ್ಷರ ಜೊತೆಗಿಟ್ಟಾಗ ಅವು ಒಂದಕ್ಕೊಂದು ಅಡ್ಡಬರುವುದು ಕಡಿಮೆಯಾಗಿತ್ತು. ಹೀಗೆ ಅಡ್ಡಬರುವ ಪ್ರಮಾಣದಿಂದಲೇ ಆ ವ್ಯಕ್ತಿ ಎಷ್ಟು ಸರಾಗವಾಗಿ ಓದುತ್ತಾನೆಂದು ಅಂದಾಜಿಸಲು ಬಂತು. ಸ್ಕ್ಯಾನ್‌ನಲ್ಲಿ ಈ ಬದಲಾವಣೆ ಮಿದುಳಿನ ಹಿಂಬದಿಯ ಪಕ್ಕದಲ್ಲಿ, ವಸ್ತುಗಳ ಆಕಾರ ಗುರುತಿಸುವ ಪ್ರದೇಶದಲ್ಲಿ ಕಂಡಿತು. ಓದು ಕಲಿತ ಮಿದುಳು ಪದವನ್ನು ಇಡಿಯಾಗಿ ನುಂಗುವುದಿಲ್ಲ. ಅಕ್ಷರಗಳನ್ನು ಬಿಡಿಬಿಡಿಯಾಗಿ ಉಳಿಸಿಕೊಂಡೇ ಪದ ಕಟ್ಟುತ್ತದೆ.

ಇದೇ ಪ್ರಶ್ನೆಯನ್ನು ಹಳ್ಳಿಗೆ ಒಯ್ದವರೂ ಇದ್ದಾರೆ. ಉತ್ತರ ಪ್ರದೇಶದ ಲಖನೌ ಬಳಿಯ ಹಳ್ಳಿಗಳಲ್ಲಿ ಎಂದೂ ಓದು ಕಲಿಯದ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಕಲಿಸಿ, ಮೊದಲೂ ಆಮೇಲೂ ಸ್ಕ್ಯಾನ್ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಷ್ಟು ಕಡಿಮೆ ಸಮಯದಲ್ಲೇ ಮಿದುಳಿನ ಆಳದ ಥಲಾಮಸ್ ಮತ್ತು ಮಿದುಳುಕಾಂಡದ ಭಾಗಗಳು ದೃಷ್ಟಿಪ್ರದೇಶದೊಡನೆ ಹೆಚ್ಚು ತಾಳ ಕೂಡಿಸಿಕೊಂಡಿದ್ದವು. ಓದು ಬಾರದ ಹಳ್ಳಿಯ ಜನ ಯಂತ್ರದೊಳಗೆ ಬಂದದ್ದರಿಂದಲೇ ಈ ಸಂಗತಿ ತಿಳಿಯಿತು. ಕಾಲೇಜು ವಿದ್ಯಾರ್ಥಿಗಳನ್ನು ಎಷ್ಟು ಮಲಗಿಸಿದ್ದರೂ ತಿಳಿಯುತ್ತಿರಲಿಲ್ಲ.

ಇ.ಇ.ಜಿ.ಯ ಬೆಲೆಯೂ ಇಳಿದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ಗುಂಪು ಗೆರೆಗಳ ವಿನ್ಯಾಸ ನೋಡುವಾಗ ಮಿದುಳಿನಲ್ಲಿ ಏಳುವ ಗಾಮಾ ಎಂಬ ವಿದ್ಯುತ್ ಅಲೆ ವಯಸ್ಸಾದಂತೆ ಕುಗ್ಗುವುದನ್ನೂ, ಆಲ್ಜೈಮರ್ಸ್ ಮತ್ತು ಅದರ ಮುನ್ನಿನ ಮರೆವಿನ ಹಂತದಲ್ಲಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಇನ್ನೂ ಕುಗ್ಗಿರುವುದನ್ನೂ ತೋರಿಸಿದೆ.

ಆಟಿಸಂ

1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೊ ಕ್ಯಾನರ್ 11 ಮಕ್ಕಳ ವಿವರಣೆಯೊಂದಿಗೆ ಆಟಿಸಂ ಅನ್ನು ಪ್ರತ್ಯೇಕ ಸ್ಥಿತಿಯೆಂದು ಬರೆದರು. ಪುಸ್ತಕಗಳಲ್ಲಿ ಇದಕ್ಕೆ ಸ್ವಲೀನತೆ ಎಂಬ ಪದವಿದೆ, ಮನೆಗಳಲ್ಲಿ ಆಟಿಸಂ ಎಂದೇ ಹೇಳುತ್ತಾರೆ. ಬೇರೆಯವರೊಡನೆ ಒಡನಾಟದಲ್ಲಿ ತೊಡಕು, ಮಾತಿನ ಬಳಕೆಯಲ್ಲಿ ಭಿನ್ನತೆ, ಮಾಡಿದ್ದನ್ನೇ ಮಾಡುವುದು, ಸದ್ದು ಬೆಳಕು ಸ್ಪರ್ಶಗಳಿಗೆ ಅತಿಯಾಗಿ ಇಲ್ಲವೇ ತೀರ ಕಡಿಮೆ ಸ್ಪಂದಿಸುವುದು ಇದರ ಲಕ್ಷಣಗಳು. ಚನ್ನಪಟ್ಟಣದ ಅರಗಿನ ಬುಗುರಿ ಕೊಟ್ಟರೆ ಕೆಲವು ಮಕ್ಕಳು ಆಡಿಸಿ, ಅಮ್ಮನತ್ತ ನೋಡಿ ನಗುತ್ತಾರೆ. ಆಟಿಸಂ ಇರುವ ಮಗು ಅಮ್ಮನ ಕಡೆ ತಿರುಗದೆ ಅದರ ತಿರುಗುವ ಬಣ್ಣದ ಪಟ್ಟೆಯನ್ನೇ ಬಹಳ ಹೊತ್ತು ನೋಡುತ್ತಿರಬಹುದು. ವೈದ್ಯರು ಗಮನಿಸುವುದು ಆ ಹಿಂತಿರುಗಿ ನೋಡುವಿಕೆಯನ್ನು.

ಇದನ್ನು ಸ್ವಭಾವದ ತೊಂದರೆಯಾಗಿ ಮಾತ್ರವಲ್ಲ, ಗ್ರಹಿಕೆಯ ಭಿನ್ನತೆಯಾಗಿಯೂ ನೋಡುವುದು ಕಳೆದ ದಶಕಗಳ ಮುಖ್ಯ ತಿರುವು. ಬಿಡಿ ವಿವರ ಚೆನ್ನಾಗಿ ಕಂಡರೂ ಒಟ್ಟಂದ ಕೂಡಿಬರುವುದಿಲ್ಲ ಎಂದು 1989ರಲ್ಲಿ ಊಟಾ ಫ್ರಿತ್ ಹೇಳಿದರು. ದೆಹಲಿಯಲ್ಲಿ ಹುಟ್ಟುಕುರುಡು ಮಕ್ಕಳಿಗೆ ದೃಷ್ಟಿ ಕೊಡಿಸುವ ಪ್ರಾಜೆಕ್ಟ್ ಪ್ರಕಾಶ್ ಕಟ್ಟಿದ ಪವನ್ ಸಿನ್ಹಾ ಮತ್ತು ಸಂಗಡಿಗರು 2014ರಲ್ಲಿ ಮುಂದೇನಾಗುತ್ತದೆ ಎಂದು ಊಹಿಸುವ ಶಕ್ತಿಯಲ್ಲಿ ತೊಡಕಿದೆ ಎಂದು ವಾದಿಸಿದರು. ಮುಂದಿನ ಕ್ಷಣ ಊಹೆಗೆ ಸಿಗದವನಿಗೆ ಪ್ರತಿಯೊಂದು ಸದ್ದೂ ಹೊಸದು. ಜಾತ್ರೆಯ ತಮಟೆಗೆ ಕಿವಿಮುಚ್ಚಿ ಅಳುವ ಮಗುವನ್ನು ನೆನೆದರೆ ಈ ವಾದದ ತೂಕ ಗೊತ್ತಾಗುತ್ತದೆ. ಆದರೂ ಇದು ಇನ್ನೂ ವಾದವೇ, ತೀರ್ಪಲ್ಲ.

ಚಿತ್ರಣ ಇಲ್ಲಿ ಎರಡು ಬಾರಿ ದಾರಿ ತಪ್ಪಿಸಿತು. ಆ ಎರಡನ್ನೂ ವಿವರವಾಗಿ ಹೇಳಬೇಕು. ಮೊದಲನೆಯದು ಮುಖದ ಕಥೆ. ಆಟಿಸಂ ಇರುವವರಲ್ಲಿ ಮುಖದ ತಾಣ ಕಡಿಮೆ ಸ್ಪಂದಿಸುತ್ತದೆ ಎಂದು 2000ದ ಹೊತ್ತಿಗೆ ವರದಿಯಾಗಿ, ಆ ತಾಣವೇ ದುರ್ಬಲ ಎಂಬ ನಂಬಿಕೆ ಹಬ್ಬಿತು. 2005ರಲ್ಲಿ ಕಿಮ್ ಡಾಲ್ಟನ್ ಮತ್ತು ಸಹೋದ್ಯೋಗಿಗಳು ಸ್ಕ್ಯಾನ್ ಮಾಡುವಾಗಲೇ ಕಣ್ಣಿನ ಚಲನೆಯನ್ನೂ ದಾಖಲಿಸಿದರು. ಚಿತ್ರದಲ್ಲಿನ ಕಣ್ಣುಗಳನ್ನು ಎಷ್ಟು ಹೊತ್ತು ನೋಡಿದರೋ ಅಷ್ಟಕ್ಕೆ ತಕ್ಕಂತೆ ಆ ತಾಣ ಸ್ಪಂದಿಸಿತ್ತು. ಮುಖ ನೋಡದಿದ್ದರೆ ಮುಖದ ತಾಣ ಕೆಲಸ ಮಾಡುವುದೆಲ್ಲಿಂದ?

ಎರಡನೆಯದು ತಲೆ ಅಲುಗಾಟದ ಕಥೆ. ಆಟಿಸಂನಲ್ಲಿ ಮಿದುಳಿನ ದೂರದ ಭಾಗಗಳ ನಡುವಿನ ಸಂಪರ್ಕ ಕಡಿಮೆ, ಹತ್ತಿರದವುಗಳದ್ದು ಹೆಚ್ಚು ಎಂಬ ಸಿದ್ಧಾಂತ 2004ರಿಂದ ಬಲಗೊಂಡಿತ್ತು. 2012ರಲ್ಲಿ ಜೊನಾಥನ್ ಪವರ್ ಮತ್ತಿತರರು ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ಸ್ಕ್ಯಾನ್‌ನಲ್ಲಿ ಅಂಥದೇ ವಿನ್ಯಾಸ ಹುಸಿಯಾಗಿ ಮೂಡುತ್ತದೆ ಎಂದು ತೋರಿಸಿದರು. ಆಟಿಸಂ ಇರುವ ಮಕ್ಕಳು ಹೆಚ್ಚು ಅಲುಗುತ್ತಾರೆ. ಅಲ್ಲಿಯವರೆಗಿನ ಎಷ್ಟೋ ಫಲಿತಾಂಶಗಳನ್ನು ಮತ್ತೆ ಪರೀಕ್ಷಿಸಬೇಕಾಯಿತು. ಹಾಗೆಂದು ಅಲುಗಾಡುವವರನ್ನು ಬಿಟ್ಟುಬಿಟ್ಟರೆ ಉಳಿಯುವವರು ಮಾತು ಬರುವ, ಹೇಳಿದಂತೆ ಮಲಗಬಲ್ಲ ಮಕ್ಕಳು ಮಾತ್ರ. ಮಾತೇ ಬಾರದ, ಹೆಚ್ಚು ಆಸರೆ ಬೇಕಾದ ಮಕ್ಕಳ ಮಿದುಳಿನ ಬಗ್ಗೆ ಚಿತ್ರಣ ಇಂದಿಗೂ ಹೇಳಿರುವುದು ತೀರ ಕಡಿಮೆ. ಈ ಕ್ಷೇತ್ರದ ಅತಿ ದೊಡ್ಡ ಕೊರತೆ ಇದೇ.

ಸಣ್ಣ ಗುಂಪುಗಳ ದೋಷ ತಿದ್ದಲು 2012ರಲ್ಲಿ 'ಅಬೈಡ್' ಎಂಬ ಹಂಚಿಕೆಯ ಭಂಡಾರ ತೆರೆಯಿತು. ಆಟಿಸಂ ಇರುವ 539 ಮತ್ತು ಇಲ್ಲದ 573 ಜನರ ಸ್ಕ್ಯಾನ್‌ಗಳನ್ನು ಯಾವ ದೇಶದ ಸಂಶೋಧಕರೂ ಬಳಸಬಹುದು. ಭರವಸೆಯ ಇನ್ನೊಂದು ದಾರಿ ನಿದ್ದೆಯಲ್ಲಿರುವ ಕೂಸುಗಳದ್ದು. 2017ರಲ್ಲಿ ಹೆದರ್ ಹ್ಯಾಜ್ಲೆಟ್ ತಂಡ ಆಟಿಸಂ ಇರುವ ಮಕ್ಕಳ ತಮ್ಮತಂಗಿಯರನ್ನು 6 ತಿಂಗಳಿನಿಂದ ಗಮನಿಸಿತು. ಮುಂದೆ ಆಟಿಸಂ ಕಾಣಿಸಿಕೊಂಡ ಮಕ್ಕಳಲ್ಲಿ 6ರಿಂದ 12 ತಿಂಗಳ ನಡುವೆ ಮಿದುಳಿನ ಹೊರಪದರದ ವಿಸ್ತೀರ್ಣ ಮಿಕ್ಕವರಿಗಿಂತ ವೇಗವಾಗಿ ಹಿಗ್ಗಿತ್ತು. ಆದರೆ ಮನೆಯಲ್ಲಿ ಮೊದಲೇ ಆಟಿಸಂ ಇರುವ ಮಕ್ಕಳಿಗೆ ಸಂಬಂಧಿಸಿದ ಈ ಫಲಿತಾಂಶ ಎಲ್ಲ ಮಕ್ಕಳಿಗೂ ಹೊಂದುತ್ತದೆ ಎನ್ನುವಂತಿಲ್ಲ.

ಬೆಂಗಳೂರಿನ ಕೊಡುಗೆ ಹೆಚ್ಚಾಗಿ ಜೀವಕೋಶದ ಮಟ್ಟದ್ದು. ಆಟಿಸಂಗೆ ಹತ್ತಿರದ ನಂಟಿರುವ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಸ್ಥಿತಿಯ ಇಲಿಗಳಲ್ಲಿ ಒಂದು ಕಿಣ್ವವನ್ನು ತಡೆದಾಗ ಕೆಲವು ಲಕ್ಷಣಗಳು ಸರಿಹೋಗುವುದನ್ನು ತೋರಿಸಿದ 2007ರ ಅಧ್ಯಯನದಲ್ಲಿ ನೊಬೆಲ್ ವಿಜೇತ ಸುಸುಮು ತೊನೆಗಾವ ಅವರೊಡನೆ ಬೆಂಗಳೂರಿನ ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಇದ್ದರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದಲ್ಲಿ ಜೇಮ್ಸ್ ಕ್ಲೆಮೆಂಟ್ ಬುದ್ಧಿ ಬೆಳವಣಿಗೆಗೂ ಆಟಿಸಂಗೂ ಸಂಬಂಧಿಸಿದ ಸಿನ್‌ಗ್ಯಾಪ್ 1 ಎಂಬ ಜೀನನ್ನು ಅಭ್ಯಸಿಸುತ್ತಾರೆ.

ನಿರ್ಧಾರ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ತನ್ನ ಲಾಟಿನ ಮುಂದೆ ನಿಂತ ರೈತ ಹರಾಜಿನಲ್ಲಿ ಬಂದ ದರಕ್ಕೆ ಕೊಡಲೋ ಬೇಡವೋ ಎಂದು ಬೇಗ ತೀರ್ಮಾನಿಸಬೇಕು. ಗೂಡು ಬಹಳ ದಿನ ಕಾಯುವುದಿಲ್ಲ, ಚಿಟ್ಟೆ ಕೊರೆದು ಹೊರಬರುತ್ತದೆ. ಕಂಡದ್ದರ ತೂಕ, ಸಮಯದ ಒತ್ತಡ, ನಷ್ಟದ ಭಯ ಮೂರೂ ಅಲ್ಲಿ ಕೂಡುತ್ತವೆ. ಪ್ರಯೋಗಾಲಯ ಇವನ್ನು ಬಿಡಿಸಿ ನೋಡುತ್ತದೆ.

2006ರಲ್ಲಿ ಬೆನೆಡೆಟ್ಟೊ ಡಿ ಮಾರ್ಟಿನೊ ಲಂಡನ್ನಿನಲ್ಲಿ ಜನರಿಗೆ 50 ಪೌಂಡ್ ತೋರಿಸಿ ಒಮ್ಮೆ '20 ಉಳಿಸಿಕೊಳ್ಳಿ' ಎಂದರು, ಇನ್ನೊಮ್ಮೆ '30 ಕಳೆದುಕೊಳ್ಳಿ' ಎಂದರು. ಎರಡೂ ಒಂದೇ. ಆದರೆ 'ಕಳೆದುಕೊಳ್ಳಿ' ಎಂದಾಗ ಹೆಚ್ಚು ಜನ ಅದನ್ನು ಬಿಟ್ಟು ಜೂಜಿನ ಆಯ್ಕೆಗೆ ಕೈಹಾಕಿದರು. ಮಾತಿನ ವರಸೆಗೆ ಒಲಿದಾಗ ಭಾವನೆಗೆ ಸಂಬಂಧಿಸಿದ ಅಮಿಗ್ಡಲ ಚುರುಕಾಗಿತ್ತು. 2008ರಲ್ಲಿ ಅವರೇ ಆಟಿಸಂ ಇರುವ ವಯಸ್ಕರಿಗೆ ಇದೇ ಪರೀಕ್ಷೆ ಕೊಟ್ಟಾಗ ಆ ವಯಸ್ಕರು ಮಾತಿನ ವರಸೆಗೆ ಕಡಿಮೆ ಮರುಳಾದರು. ಆಟಿಸಂ ಅನ್ನು ಬರಿಯ ಕೊರತೆಯೆಂದು ನೋಡುವವರು ಈ ಫಲಿತಾಂಶವನ್ನು ಗಮನಿಸಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯ ವರ್ಷಾ ಶ್ರೀನಿವಾಸನ್ ಮತ್ತು ಶ್ರೀಧರನ್ ದೇವರಾಜನ್ 2019ರಲ್ಲಿ ಗಮನಕ್ಕೂ ಆಯ್ಕೆಗೂ ಇರುವ ನಂಟನ್ನು ನರತಂತುಗಳ ಚಿತ್ರಣದಿಂದ ಬಿಡಿಸಿದರು. ಒಂದು ಬದಿಗೆ ಗಮನ ಕೊಟ್ಟಾಗ ಎರಡು ಆಗಬಹುದು: ಅಲ್ಲಿ ಕಣ್ಣು ಚುರುಕಾಗಬಹುದು, ಇಲ್ಲವೇ ಮನಸ್ಸು ಆ ಬದಿಯನ್ನು ಆರಿಸುವತ್ತ ವಾಲಬಹುದು. ನಡುಮಿದುಳಿನಲ್ಲಿರುವ ಕಡಲೆಕಾಳಿನಷ್ಟು ಗಂಟಾದ ಸುಪೀರಿಯರ್ ಕಾಲಿಕ್ಯುಲಸ್‌ಗೂ ಹೊರಪದರಕ್ಕೂ ಇರುವ ಸಂಪರ್ಕ ಎರಡನೆಯದರೊಂದಿಗೆ ಮಾತ್ರ ತಾಳೆಯಾಯಿತು. ಇಂಥ ತಂತುಗಳ ನಕ್ಷೆ ಲೆಕ್ಕಹಾಕಲು ಹಳೆಯ ವಿಧಾನಕ್ಕಿಂತ 150 ಪಟ್ಟು ವೇಗದ ಕ್ರಮವಿಧಿಯನ್ನು ಇದೇ ಪ್ರಯೋಗಾಲಯ 2022ರಲ್ಲಿ ಪ್ರಕಟಿಸಿತು.

ಫಲಿತಾಂಶಗಳನ್ನು ಎಷ್ಟು ನಂಬಬೇಕು ಎಂಬುದನ್ನೂ ನಿರ್ಧಾರದ ಪ್ರಯೋಗವೇ ಬಯಲಿಗಿಟ್ಟಿತು. ಜೂಜಿನ ಆಯ್ಕೆ ಮಾಡಿದ 108 ಜನರ ಸ್ಕ್ಯಾನ್‌ಗಳನ್ನು 70 ತಂಡಗಳಿಗೆ ಕೊಟ್ಟು ಒಂಬತ್ತು ಪ್ರಶ್ನೆ ಕೇಳಲಾಯಿತು. 2020ರಲ್ಲಿ ಪ್ರಕಟವಾದಂತೆ ಯಾವ ಎರಡು ತಂಡಗಳೂ ಒಂದೇ ರೀತಿ ಲೆಕ್ಕ ಮಾಡಿರಲಿಲ್ಲ, ಉತ್ತರಗಳಲ್ಲೂ ಸಾಕಷ್ಟು ಭಿನ್ನತೆಯಿತ್ತು. ಮಿದುಳಿನ ರಚನೆಯನ್ನು ಜನರ ಸ್ವಭಾವಕ್ಕೆ ತಾಳೆಹಾಕಲು ಸಾವಿರಾರು ಜನ ಬೇಕು ಎಂದು 2022ರ ಇನ್ನೊಂದು ಅಧ್ಯಯನ ಹೇಳಿತು.

ಹಳ್ಳಿಯವರು ಬಂದಾಗ

ಸಾವಿರಾರು ಜನರ ಅಧ್ಯಯನ ಕರ್ನಾಟಕದಲ್ಲಿ ಈಗ ನಡೆಯುತ್ತಿದೆ. ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ನೇತೃತ್ವದಲ್ಲಿ ಬ್ರಿಟನ್ ಸಹಯೋಗದ ಸಿ-ವೇದ ಯೋಜನೆ ದೇಶದ ಏಳು ಕಡೆ 6ರಿಂದ 23 ವರ್ಷದ 9 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡಿತು. ಅವರಲ್ಲಿ ಒಂದು ಪಾಲಿನ ಜನರಿಗೆ ಎಂ.ಆರ್.ಐ. ಆಯಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದಂದಿನಿಂದ ಗಮನದಲ್ಲಿದ್ದ ಮಕ್ಕಳೂ ಇದರಲ್ಲಿದ್ದಾರೆ. ಬಡತನ, ಮಾದಕವಸ್ತು, ಅಪಾಯಕ್ಕೆ ಕೈಹಾಕುವ ನಿರ್ಧಾರಗಳು ಬೆಳೆಯುವ ಮಿದುಳಿನಲ್ಲಿ ಹೇಗೆ ಬೆರೆಯುತ್ತವೆ ಎಂಬುದು ಅದರ ವಿಷಯ.

ಮಿದುಳು ಸಂಶೋಧನಾ ಕೇಂದ್ರದ ಶ್ರೀನಿವಾಸಪುರ ಅಧ್ಯಯನ 2018ರಲ್ಲಿ ಆರಂಭವಾಯಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವುದು ಅದರ ಗುರಿ. ಓದು ಬರಹ ಬಾರದವರಿಗೂ ಹೊಂದುವ ಪರೀಕ್ಷೆಗಳು ಅದಕ್ಕೆ ಬೇಕಾದವು. ಅದರ ವಿಷಯ ಆಟಿಸಂ ಅಲ್ಲ, ಮುಪ್ಪು ಮತ್ತು ಮರೆವು. ಆದರೂ ಮಾಗಡಿಯಂಥದೇ ರಾಗಿ ನಾಡಿನ ಜನ ಸ್ಕ್ಯಾನ್‌ಗೆ ಮಲಗಿದ್ದಾರೆ. ಅವರನ್ನು ಕರೆತರುವುದು ಆಗದ ಮಾತು ಎನ್ನುವವರಿಗೆ ಇದೇ ಉತ್ತರ. ಮಕ್ಕಳ ವಿಷಯದಲ್ಲೂ ಇಂಥದೇ ಕೆಲಸ ಆಗಬೇಕು. ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ ಮತ್ತು ಹಳ್ಳಿ ಪ್ರದೇಶಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಮಾಡಿದಂತೆ, 16 ವರ್ಷದೊಳಗಿನವರಲ್ಲಿ ನೂರಕ್ಕೆ 12.5 ಮಂದಿಗೆ ಒಂದಲ್ಲ ಒಂದು ಮಾನಸಿಕ ಇಲ್ಲವೇ ಬೆಳವಣಿಗೆಯ ತೊಂದರೆಯಿತ್ತು.

ಹೆತ್ತವರು ತಿಳಿಯಬೇಕಾದದ್ದು

ಮೇಲಿನದೆಲ್ಲ ಗುಂಪುಗಳ ಸರಾಸರಿ. ಒಂದು ಮಗುವಿಗೆ ಆಟಿಸಂ ಇದೆಯೋ ಇಲ್ಲವೋ ಎಂದು ಹೇಳಬಲ್ಲ ಸ್ಕ್ಯಾನ್ ಇಂದಿಗೆ ಇಲ್ಲ. ಮೂರ್ಛೆ ಬಂದರೆ, ತಲೆಯ ಗಾತ್ರ ಅಸಹಜವಾಗಿದ್ದರೆ, ಕಲಿತದ್ದನ್ನು ಮಗು ಮರೆಯತೊಡಗಿದರೆ ವೈದ್ಯರು ಎಂ.ಆರ್.ಐ. ಬರೆದುಕೊಡಬಹುದು. ಬರಿಯ ಆಟಿಸಂ ಪತ್ತೆಗೆಂದು ಸಾಲ ಮಾಡಿ ಸ್ಕ್ಯಾನ್ ಮಾಡಿಸುವುದರಲ್ಲಿ ಅರ್ಥವಿಲ್ಲ. ಮಗುವನ್ನು ಗಮನಿಸಿ, ಆಡಿಸಿ, ಹೆತ್ತವರನ್ನು ಕೇಳಿ ಇದನ್ನು ಗುರುತಿಸುತ್ತಾರೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ತಪಾಸಣೆ ಮಾಡುವಾಗ ನೋಡಬೇಕಾದ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಪ್ರತಿಭಾ ಕಾರಂತರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಮ್ ಡೀಲ್ ಇವು ದಾರಿ ತೋರಿಸುವ ಸಂಸ್ಥೆಗಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ.

'ಅವರಪ್ಪನಿಗೂ ಮಾತು ತಡವಾಗಿಯೇ ಬಂದಿದ್ದು' ಎಂಬ ಸಮಾಧಾನದ ಮಾತು ನಮ್ಮ ಹಳ್ಳಿಗಳಲ್ಲಿ ಪ್ರೀತಿಯಿಂದಲೇ ಬರುತ್ತದೆ, ಆದರೆ ಅದರಿಂದ ಒಂದೆರಡು ವರ್ಷ ಕಳೆದುಹೋಗುತ್ತದೆ. ಒಂದು ವರ್ಷ ತುಂಬಿದರೂ ಹೆಸರು ಕರೆದಾಗ ಮಗು ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ತೋರಿಸಿ ಏನನ್ನೂ ಕೇಳದಿದ್ದರೆ, ಬಂದ ಮಾತು ನಿಂತುಹೋದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಮಕ್ಕಳ ವೈದ್ಯರಿಗೆ ತೋರಿಸಿ. ಶಾಲೆಗೆ ಹಾಕಿದರೆ ಸರಿಹೋಗುತ್ತದೆ ಎಂದು ಕಾಯಬೇಡಿ.